ಮುದುಮಲೈ: ಆನೆಯ ಜತೆ ಚಿನ್ನದ ಕಥೆಯೂ ಇರಲಿ



ಚೆನ್ನೈಯಿಂದ ಮುದುಮಲೈಗೆ ಹೋಗುವವರ ಕಣ್ಣು ತೆಪ್ಪಕಾಡಿನ ಆನೆ ಶಿಬಿರದ ಮೇಲೆಯೇ. ಆದರೆ ಪಕ್ಕದ ದೇವಾಲ, ಪಂದಲೂರುಗಳಲ್ಲಿ 1880ರ ಆಸುಪಾಸು ಚಿನ್ನದ ಹುಚ್ಚೆದ್ದಿತ್ತು. ಭೂವಿಜ್ಞಾನಿ ಬ್ರೌ ಸ್ಮಿತ್‌ನ ವರದಿ ನಂಬಿ ಲಂಡನ್ನಿನಲ್ಲಿ ಹುಟ್ಟಿದ ಹತ್ತಾರು ಕಂಪನಿಗಳು ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾದವು. ಅದೇ ಕಾಲದ ಕೋಲಾರದ ಚಿನ್ನದ ಗಣಿ ಮಾತ್ರ 2001ರವರೆಗೆ ಬಾಳಿತು. ಆ ಕಂಪನಿಗಳಿಗೂ ಮುಂಚೆ ಇಲ್ಲಿ ಹೊಳೆಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು ಪಣಿಯ, ಕುರುಂಬ ಆದಿವಾಸಿಗಳು. ಈ ನಾಡನ್ನು ಮನುಷ್ಯ ಮುಟ್ಟದ ಕಾಡೆಂದು ತೋರಿಸುವುದು ಅರ್ಧಸತ್ಯ. ಅರಣ್ಯ ಇಲಾಖೆ ತೆಪ್ಪಕಾಡಿನಲ್ಲಿ ಒಂದು ಗೋಡೆಯನ್ನಾದರೂ ಈ ಚಿನ್ನದ ಕಥೆಗೆ ಮೀಸಲಿಡಲಿ.

ಪ್ರಚಾರದಿಂದ ಹಳೆಯ ಗಣಿಗಳಲ್ಲಿ ಅಕ್ರಮ ಅಗೆತ ಹೆಚ್ಚೀತೆಂಬ ಆಕ್ಷೇಪ ಹಗುರವಲ್ಲ. ಆದರೆ ಕದ್ದು ಅಗೆಯುವವರಿಗೆ ಹಳೆಯ ಸುರಂಗಗಳ ದಾರಿ ಹೇಳಿಕೊಡಬೇಕಿಲ್ಲ, ತಿಳಿಯದಿರುವುದು ಪ್ರವಾಸಿಗರಿಗೆ. ಸುರಂಗ ತೆರೆಯುವುದು ಬೇಡ, ಹಳೆಯ ಚಿತ್ರ, ದಾಖಲೆಗಳು ಸಾಕು.

– ಓದುಗ, ಚೆನ್ನೈ