ಲಾರಿಗೆ ಗ್ರೀಸ್ ಹೊಡೆಯುವುದು ಯಾರ ಕೆಲಸ?

ಚಳಿಗಾಲ ಬಂದಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಗಳ ಮೇಲೆ ಲಾರಿಗಳದೇ ದರ್ಬಾರು. ಭೂಸನೂರು, ಹವಳಗಾ ಕಾರ್ಖಾನೆಗಳಿಗೆ ಕಬ್ಬು, ಕಲಬುರಗಿಯ ಪೇಟೆಗೆ ತೊಗರಿ ಹಗಲಿರುಳೂ ಸಾಗುತ್ತಿರುತ್ತವೆ. ಈ ಗಾಡಿಗಳಲ್ಲಿ ಎಷ್ಟೋ ಸಾಲ ಮಾಡಿ ಕೊಂಡು ಮನೆಯವರೇ ಓಡಿಸುವಂಥವು. ಅಂಥ ಮನೆಗಳಿಂದ ಕಾಲೇಜಿಗೆ ಬಂದವರು ನಾವು ಕೆಲವರಿದ್ದೇವೆ. ನಾವು ಒಂದೊಂದು ಪರೀಕ್ಷೆ ಪಾಸಾದಂತೆ ನಮ್ಮ ಕೈಯಿಂದ ಒಂದೊಂದು ಕೆಲಸ ಬಿಡಿಸುವುದು ಮನೆಯವರ ಪ್ರೀತಿಯ ರೀತಿ. “ನೀ ಓದಾಂವ, ಗ್ರೀಸ್ ಮುಟ್ಟಬ್ಯಾಡ, ಕ್ಲೀನರ್ ಹೊಡೀತಾನ” ಎನ್ನುತ್ತಾರೆ. ಈ ಮಾತಿನ ಹಿಂದಿನ ಅಕ್ಕರೆ ನನಗೆ ತಿಳಿಯದುದಲ್ಲ. ಆದರೂ ಮಾತು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಲಾರಿಯ ಮುಂದಿನ ಆಕ್ಸಲಿನ ಎರಡು ತುದಿಗಳಲ್ಲಿ ಕಿಂಗ್ ಪಿನ್ ಎಂಬ ದಪ್ಪ ಉಕ್ಕಿನ ಗೂಟಗಳಿವೆ. ಚಕ್ರಗಳು ಎಡಬಲಕ್ಕೆ ಹೊರಳುವುದು ಇವುಗಳ ಮೇಲೆಯೇ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡುಗಳ ತುದಿಯಲ್ಲಿ ಗುಂಡು ಕೀಲುಗಳು. ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ ತುದಿಯಲ್ಲಿ ಶ್ಯಾಕಲ್ ಪಿನ್ನುಗಳು. ಎಣ್ಣೆಗೆ ಒಂದು ಬಗೆಯ ಸೋಪು ಬೆರೆಸಿ ಗಟ್ಟಿಮಾಡಿದ ಗ್ರೀಸು ಈ ಕೀಲುಗಳಿಗೆ ಜಾರಿಕೆ ಕೊಡುವುದಲ್ಲದೆ, ಅವುಗಳ ಬಾಯಿಯಲ್ಲಿ ತಡೆಯಾಗಿ ನಿಂತು ಧೂಳನ್ನೂ ನೀರನ್ನೂ ಹೊರಗಿಡುತ್ತದೆ. ನಮ್ಮ ಎರೆ ನೆಲದಲ್ಲಿ ಈ ಎರಡನೆಯ ಉಪಕಾರವೇ ದೊಡ್ಡದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ಹಳ್ಳಿಗಳನ್ನು ಸುತ್ತುಗಟ್ಟಿದ್ದನ್ನು ಎಲ್ಲರೂ ಬಲ್ಲರು. ನೀರಿನಲ್ಲಿ ಹಾಯ್ದ ಗಾಡಿಗೆ ಕಿಲೋಮೀಟರುಗಳ ಲೆಕ್ಕ ನೋಡದೆ ಗ್ರೀಸ್ ಹೊಡೆಯತಕ್ಕದ್ದು.

ಕಿಂಗ್ ಪಿನ್ ಒಣಗಿದರೆ ಮೊದಲು ಸ್ಟೇರಿಂಗ್ ಬಿಗಿಯಾಗುತ್ತದೆ; ತಿರುವಿನಿಂದ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ಬಳಿಕ ಬುಷ್ ಸವೆದು ಚಕ್ರ ಅಲುಗಾಡತೊಡಗುತ್ತದೆ. ಕಬ್ಬು ತುಂಬಿ ಆಚೀಚೆ ವಾಲುತ್ತಿರುವ ಲಾರಿ ಹೀಗಿದ್ದರೆ ಎದುರಿಗೆ ಬರುವ ಸೈಕಲ್ಲಿನವನ ಗತಿಯೇನು? ಗಾಡಿ ರಿಪೇರಿಗೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಸರ್ವಿಸ್ ಸ್ಟೇಷನ್ ಇಲ್ಲವೇ ಎಂದು ಕೇಳಬಹುದು. ಇದೆ. ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸ್ ತುಂಬುವಂಥ ಕೆಲಸಕ್ಕೆ ಅಲ್ಲಿಗೇ ಹೋಗಬೇಕು. ಆದರೆ ಅಲ್ಲಿ ಸರದಿಯ ಗಡಿಬಿಡಿಯಲ್ಲಿ ಒಂದೊಂದು ನಿಪ್ಪಲಿಗೂ ಒಂದು ಸಲ ಒತ್ತಿ ಮುಂದಕ್ಕೆ ಸಾಗುವುದುಂಟು. ಮನೆಯ ಮುಂದೆ ಕೈ ಗನ್ನಿನಿಂದ ಹೊಡೆಯುವವನಿಗೆ ಅವಸರವಿಲ್ಲ. ಆತ ನಿಪ್ಪಲನ್ನು ಚಿಂದಿಯಿಂದ ಒರೆಸುತ್ತಾನೆ. ಒರೆಸದಿದ್ದರೆ ಗ್ರೀಸಿನ ಜೊತೆಗೆ ಮಣ್ಣನ್ನೂ ಒಳಗೆ ನೂಕಿದಂತೆ. ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಕಾಣುವವರೆಗೆ ಒತ್ತುತ್ತಾನೆ. ಒಂದು ನಿಪ್ಪಲು ಗ್ರೀಸನ್ನು ಒಳಕ್ಕೆ ತೆಗೆದುಕೊಳ್ಳದಿದ್ದರೆ ಅದು ಅವನ ಕೈಗೆ ಆಗಲೇ ತಿಳಿಯುತ್ತದೆ. ಬಿಚ್ಚಿ ಬೇರೆ ಹಾಕಿದರಾಯಿತು. 1929ರಲ್ಲಿ ಆಸ್ಕರ್ ಜರ್ಕ್ ಎಂಬಾತ ಪೇಟೆಂಟು ಪಡೆದ ಈ ಪುಟ್ಟ ವಸ್ತುವಿನೊಳಗೆ ಒಂದು ಗುಂಡು, ಅದರ ಹಿಂದೊಂದು ಸ್ಪ್ರಿಂಗು, ಅಷ್ಟೆ. ಬೆಲೆಯೂ ಅಲ್ಪ.

ಜಾಕಿನ ವಿಷಯದಲ್ಲಿ ಮಾತ್ರ ನಮ್ಮವರ ಧೈರ್ಯ ನನಗೆ ಹಿಡಿಸುವುದಿಲ್ಲ. ಎರೆ ಮಣ್ಣು ಹಸಿಯಾದಾಗ ಜಾಕು ಮೆಲ್ಲಗೆ ಕುಸಿಯುತ್ತದೆ. ಕೆಳಗೆ ಜಾಲಿಯ ದಪ್ಪ ಹಲಗೆ, ಚಕ್ರಗಳಿಗೆ ಅಡ್ಡಗಲ್ಲು, ಆಕ್ಸಲಿಗೆ ಬೇರೆ ಆಸರೆ ಇಲ್ಲದೆ ಯಾರೂ ಗಾಡಿಯ ಕೆಳಗೆ ನುಸುಳಬಾರದು.

ಇನ್ನು ಓದಿದವನ ಪ್ರಶ್ನೆ. ಕೆಲವು ಆಕ್ಸಲುಗಳಿಗೆ ಚಕ್ರ ನೆಲದ ಮೇಲಿರುವಾಗಲೇ ಗ್ರೀಸ್ ಹೊಡೆಯಬೇಕು, ಕೆಲವಕ್ಕೆ ಮೇಲೆತ್ತಿ. ಒಂದು ಜಾತಿಯ ಗ್ರೀಸಿಗೆ ಇನ್ನೊಂದನ್ನು ಬೆರೆಸಿದರೆ ಕೆಲವೊಮ್ಮೆ ಎರಡೂ ಕೆಡುತ್ತವೆ. ಹೊಸ ಗಾಡಿಗಳ ಕೆಲವು ಕೀಲುಗಳಿಗೆ ಗ್ರೀಸೇ ಬೇಡ. ರಬ್ಬರಿನ ಬುಷ್‌ಗಳಿಗಂತೂ ಅದು ಸೋಂಕಬಾರದು. ಇದೆಲ್ಲ ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಎಷ್ಟೋ ಮನೆಗಳಲ್ಲಿ ಆರ್.ಸಿ.ಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದೆ. ಇಂಗ್ಲಿಷಿನಲ್ಲಿದೆಯೆಂದು ಯಾರೂ ತೆರೆದಿಲ್ಲ. ಮನೆಯಲ್ಲಿ ಅದನ್ನು ಓದಬಲ್ಲವನನ್ನೇ ಗಾಡಿಯಿಂದ ದೂರವಿಡುವುದು ಯಾವ ನ್ಯಾಯ? ಈ ಸಲ ರಜೆಯಲ್ಲಿ ಊರಿಗೆ ಹೋಗುವ ಗೆಳೆಯರು ಆ ಒಂದು ಪುಟವನ್ನು ಕನ್ನಡದಲ್ಲಿ ಬರೆದು, ಎಡಕ್ಕೆಷ್ಟು ಬಲಕ್ಕೆಷ್ಟು ನಿಪ್ಪಲುಗಳೆಂದು ಗುರುತುಹಾಕಿ, ಕೆಳಗೆ ತಾರೀಖಿಗೆ ಜಾಗ ಬಿಟ್ಟು ಕ್ಯಾಬಿನ್ನಿನಲ್ಲಿ ಅಂಟಿಸಲಿ. ಮೊದಲ ತಾರೀಖನ್ನು ತಮ್ಮ ಗ್ರೀಸಿನ ಕೈಯಿಂದಲೇ ಬರೆಯಲಿ.