ಹೆಸರಿಲ್ಲದ ಆಹ್ವಾನ ಮತ್ತು ಶ್ರಾವಕನ ಹೊಣೆ

ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ದಾರಿಯಲ್ಲಿ, ಹಂಪಿಯ ಅವಶೇಷಗಳ ನಡುವೆ, ಗಾಣಗಿತ್ತಿ ಬಸದಿ ನಿಂತಿದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥುಜಿನನಾಥನ ಈ ಚೈತ್ಯಾಲಯವನ್ನು ಶಕ 1307ರಲ್ಲಿ, ಅಂದರೆ ಕ್ರಿ.ಶ. 1385-86ರಲ್ಲಿ, ನಿರ್ಮಿಸಿದನೆಂದು ಅದರ ಮುಂದಿನ ಕಂಬದ ಶಾಸನವು ಸಾರುತ್ತದೆ. ಮಾಡಿದವರು ಯಾರು, ಏತಕ್ಕಾಗಿ, ಎಂದು ಎಂಬ ಮೂರು ಸಂಗತಿಗಳೂ ಅಲ್ಲಿ ಬಯಲಿನಲ್ಲಿವೆ. ಸಾರ್ವಜನಿಕ ಸ್ಥಳದಲ್ಲಿ ಬರೆಹವನ್ನಿಡುವವನು ಅದಕ್ಕೆ ತನ್ನ ಹೆಸರನ್ನೂ ಕೊಡಬೇಕೆಂಬುದು ಈ ನಾಡಿನ ಹಳೆಯ ಮರ್ಯಾದೆ.

ಇಂದಿನ ರಾತ್ರಿಕೂಟಗಳ ಪ್ರಚಾರವು ಈ ಮರ್ಯಾದೆಯನ್ನೇ ಮುರಿಯುತ್ತಿದೆ. ಪಬ್ಬು, ಪಾರ್ಟಿ, ಹೊಸ ವರ್ಷದ ಮುನ್ನಾರಾತ್ರಿಯ ಕುಣಿತಗಳಿಗೆ ಜನರನ್ನು ಕರೆಯಲು ಈಗ ಭಿತ್ತಿಪತ್ರದಲ್ಲಿ ವಿವರ ಬರೆಯಬೇಕಾಗಿಲ್ಲ. ಕಪ್ಪು ಬಿಳುಪು ಚೌಕಗಳ ಒಂದು ಕ್ಯೂಆರ್ ಕೋಡ್ ಸಾಕು. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ವಾಹನಗಳ ಬಿಡಿಭಾಗಗಳ ಲೆಕ್ಕಕ್ಕಾಗಿ ಹುಟ್ಟಿದ ಈ ಗುರುತು ಸ್ವತಃ ನಿರ್ದೋಷಿ. ಸ್ಮಾರಕಗಳ ಪ್ರವೇಶಪತ್ರಕ್ಕೂ ಬಸದಿಯ ಕಾಣಿಕೆಗೂ ಅದೇ ಬಳಕೆಯಾಗುತ್ತದೆ. ಆಕ್ಷೇಪವಿರುವುದು ಕೋಡಿನ ಮೇಲಲ್ಲ, ಅದರ ಮರೆಯಲ್ಲಿ ನಿಲ್ಲುವವರ ಮೇಲೆ.

ಭಿತ್ತಿಪತ್ರವನ್ನು ದಾರಿಹೋಕರೆಲ್ಲರೂ ಓದಬಲ್ಲರು. ಅನುಚಿತವೆನಿಸಿದರೆ ಹಿರಿಯರು ಆಕ್ಷೇಪಿಸಬಲ್ಲರು. ಕೋಡನ್ನಾದರೋ ಎಲ್ಲರೂ ನೋಡುತ್ತಾರೆ, ಮೊಬೈಲು ಹಿಡಿದವನು ಮಾತ್ರ ಓದುತ್ತಾನೆ. ಒಂದೇ ಅಂಗಡಿಯ ಮುಂದೆ ನಿಂತ ತಂದೆಗೆ ಅದು ಚುಕ್ಕೆಗಳ ಚೌಕ, ಮಗನಿಗೆ ರಾತ್ರಿಯ ಆಮಂತ್ರಣ. ಮತ್ತೊಂದು ಅಪಾಯವೂ ಇದೆ. ಅಂಟಿಸಿದ ಚೀಟಿ ಹಾಗೆಯೇ ಇರುವಾಗ ಅದು ತೋರಿಸುವ ವಿಷಯವನ್ನು ಎಲ್ಲಿಂದಲೋ ಬದಲಾಯಿಸಲು ಸಾಧ್ಯ. ಬೆಳಿಗ್ಗೆ ಸಂಗೀತ ಸಂಜೆಯೆಂದು ನಂಬಿ ಒಪ್ಪಿದ ವರ್ತಕನ ಗಾಜು ರಾತ್ರಿ ಏನನ್ನು ಸಾರುತ್ತದೆಂದು ಅವನಿಗೇ ತಿಳಿಯದು.

ಕಾನೂನಿನ ಆಶಯವೂ ಇಲ್ಲಿ ಸೋಲುತ್ತದೆ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯವನ್ನು ಮಾರುವಂತಿಲ್ಲ. ಈ ಮಿತಿಯನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದಾಗ ಜನರ ವಿರೋಧದಿಂದ ಸರಕಾರವು ಹಿಂದೆ ಸರಿಯಿತು. 1994ರ ಕೇಬಲ್ ದೂರದರ್ಶನ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿವೆ. ಬಾಗಿಲಲ್ಲಿ ನಿಂತ ಕಾವಲುಗಾರನು ವಯಸ್ಸನ್ನು ಕೇಳಬಹುದು. ಗೋಡೆಯ ಮೇಲಿನ ಚೌಕಕ್ಕೆ ಕೇಳುವ ಬಾಯಿಲ್ಲ. ಹದಿನೈದರ ಬಾಲಕನಿಗೂ ಅದು ಅದೇ ಆದರದಿಂದ ಬಾಗಿಲು ತೆರೆಯುತ್ತದೆ.

"ನಾನು ಗೋಡೆ ಕೊಟ್ಟೆ, ಅಷ್ಟೆ" ಎಂಬ ಸಮಾಧಾನ ಶ್ರಾವಕನಿಗೆ ಸಲ್ಲದು. ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ದಾರಿಗಳನ್ನು ಹೇಳಿದ ಧರ್ಮ ಇದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪಾಪೋಪದೇಶವನ್ನೂ ಪ್ರಮಾದಚರ್ಯೆಯನ್ನೂ ಅದರ ಭೇದಗಳಲ್ಲಿ ಎಣಿಸಿದ್ದಾರೆ. ಸೂರ್ಯಾಸ್ತದ ಮೊದಲೇ ಮನೆಯಲ್ಲಿ ಊಟ ಮುಗಿಸಿ, ನಡುರಾತ್ರಿಯ ಮದ್ಯಮಾಂಸದ ಕೂಟಕ್ಕೆ ಅಂಗಡಿಯ ಗಾಜನ್ನು ಬಿಟ್ಟುಕೊಟ್ಟರೆ, ವ್ರತವು ಅಡುಗೆಮನೆಯ ಹೊಸ್ತಿಲನ್ನು ದಾಟಲಿಲ್ಲವೆಂದೇ ಅರ್ಥ.

ಇದರಲ್ಲಿ ವ್ಯಾಪಾರದ ಮಾನವೂ ಅಡಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಗಿರಾಕಿಯು ಗಲ್ಲೆಯ ಮುಂದಿನ ಕೋಡನ್ನು ನಂಬಿ ಹಣ ಸಲ್ಲಿಸಲು ಕಲಿತನು. ಆ ನಂಬಿಕೆ ವರ್ತಕನ ಪ್ರಾಮಾಣಿಕತೆಯ ಮೇಲಿನದು. ಅದರ ಪಕ್ಕದಲ್ಲಿ ಅಂಟಿಸಿದ ಅಪರಿಚಿತನ ಚೀಟಿ ಆ ನಂಬಿಕೆಯನ್ನೇ ಸಾಲವಾಗಿ ಪಡೆಯುತ್ತದೆ.

ಪ್ರವಾಸೋದ್ಯಮದಿಂದ ಹೊಟ್ಟೆಪಾಡು ನಡೆಯುತ್ತದೆ, ಮೋಜನ್ನು ತಡೆದರೆ ಬಡವನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ವಾದವುಂಟು. ಹಂಪಿಯ ಎದುರು ದಡದ ವಿರುಪಾಪುರಗಡ್ಡೆ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ಅಕ್ರಮ ರೆಸಾರ್ಟುಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಅವು ನೆಲಸಮವಾದವು. ಅಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು. ನಿಯಮದ ಕಣ್ಣು ತಪ್ಪಿಸಿ ಬೆಳೆದ ವ್ಯವಹಾರ ಕುಸಿದಾಗ ಮೊದಲು ಬೀಳುವವನು ಬಡವನೇ. 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಹಂಪಿಗೆ ಜನರು ಬರುವುದು ಅದರ ಶಿಲೆಗಳಿಗಾಗಿ. ಮಾರ್ಗದರ್ಶಿ, ಆಟೋದವನು, ಖಾನಾವಳಿಯವನು ಹೆಸರು ಮುಚ್ಚಿಕೊಳ್ಳದೆ ಬದುಕುತ್ತಿದ್ದಾರೆ.

ಆದುದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಗಳ ವರ್ತಕರೂ ಬಸದಿಗಳ ಆಡಳಿತ ಮಂಡಳಿಗಳೂ ಒಂದು ಸರಳ ನಿಯಮವನ್ನು ಪಾಲಿಸಲಿ. ಕಾರ್ಯಕ್ರಮ ಯಾವುದು, ಎಲ್ಲಿ, ಎಷ್ಟು ಹೊತ್ತಿಗೆ, ನಡೆಸುವವರು ಯಾರು ಎಂಬುದನ್ನು ಕನ್ನಡದಲ್ಲಿ ಪಕ್ಕದಲ್ಲಿಯೇ ಬರೆಯದ ಯಾವ ಕೋಡಿಗೂ ಅಂಗಡಿ, ಧರ್ಮಶಾಲೆ, ಉತ್ಸವಪತ್ರಿಕೆಗಳಲ್ಲಿ ಸ್ಥಳವಿಲ್ಲ. ಬರೆದಿದ್ದರೆ ಓದಿ, ಮನೆಯ ಮಕ್ಕಳ ಮುಂದೆ ಓದಿ ಹೇಳಲು ಸಂಕೋಚವಾಗದಿದ್ದರೆ ಮಾತ್ರ ಅಂಟಿಸಲಿ. ಈ ನಿಯಮದಿಂದ ಸಜ್ಜನ ಸಂಘಟಕನಿಗೆ ನಷ್ಟವೇನೂ ಇಲ್ಲ. ಹೆಸರು ಹೇಳಲು ಹೆದರುವವನಿಗೆ ಮಾತ್ರ ಗೋಡೆ ತಪ್ಪುತ್ತದೆ, ತಪ್ಪಲೇಬೇಕು.