ಫುಟ್‌ಪಾತಿಗೂ ಮಾಲೀಕರಿದ್ದಾರೆ ರೀ

ಗೋಡೆಗಾದರೆ ಒಬ್ಬ ಮಾಲೀಕ ಇರ್ತಾನೆ. ಕೇಳದೆ ಬಣ್ಣ ಬಳಿಯೋಕೆ ಹೋದರೆ ಬಾಗಿಲು ತೆಗೆದು ಹೊರಗೆ ಬಂದು ನಾಲ್ಕು ಮಾತು ಬೈದು ಕಳಿಸ್ತಾನೆ. ಫುಟ್‌ಪಾತಿಗೆ ಯಾರಿದ್ದಾರೆ? ಬೈಯೋಕೆ ಯಾರೂ ಹೊರಗೆ ಬರಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ಈಗ ಜಾಹೀರಾತಿನ ದಂಧೆ ನಡೀತಿದೆ.

ಬೆಂಗಳೂರಿನಲ್ಲಿ ಇರೋರಿಗೆ ಇದನ್ನ ವಿವರಿಸಬೇಕಿಲ್ಲ. ತಗಡಿನದೋ ರಟ್ಟಿನದೋ ಒಂದು ಅಚ್ಚು, ಒಂದು ಸ್ಪ್ರೇ ಡಬ್ಬಿ, ಊರು ಮಲಗಿದ ಹೊತ್ತು. ಇಷ್ಟಿದ್ದರೆ ಸಾಕು. ಬೆಳಗಾಗೋದರೊಳಗೆ ನೀವು ನಡೆಯೋ ದಾರಿ ತುಂಬಾ ಪಿಜಿ, ಜಿಮ್ಮು, ಸ್ಪೋಕನ್ ಇಂಗ್ಲಿಷು, ಮನೆಯಲ್ಲೇ ಕೂತು ದುಡಿಯಿರಿ, ಹೊಸ ಆ್ಯಪು. ನಮ್ಮ ಹುನಗುಂದದಲ್ಲಿ ಫುಟ್‌ಪಾತ್ ಅನ್ನೋದೇ ಅಪರೂಪ. ಇರೋದು ಚರಂಡಿ ಮೇಲೆ ಹಾಸಿದ ಕಲ್ಲು, ಅಂಗಡಿಗಳ ಮುಂದಿನ ಒಂದಿಷ್ಟು ಕಾಂಕ್ರೀಟು. ಕಳೆದ ಸಲ ಊರಿಗೆ ಹೋದಾಗ ಅದರ ಮೇಲೂ ಒಂದು ಕೋಚಿಂಗ್ ಕ್ಲಾಸಿನ ಹೆಸರು ಬಿದ್ದಿತ್ತು. ಹತ್ತು ಹೆಜ್ಜೆಗೊಂದು. ಕೆಳಗೆ ಮೊಬೈಲ್ ನಂಬರು.

ಊರಿನ ಅಂದ ಕೆಟ್ಟಿತು ಅಂತ ಅಳೋಕೆ ನಾನು ಇದನ್ನ ಬರೀತಿಲ್ಲ. ಗೋಡೆ ಜಾಹೀರಾತು ಕಂಡರೆ ನನಗೆ ಸಿಟ್ಟೂ ಇಲ್ಲ. ಬಾಗಲಕೋಟೆಯಿಂದ ಹುನಗುಂದಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಬಂದವರಿಗೆ ಗೊತ್ತು: ಸಿಮೆಂಟು, ಬನಿಯನ್ನು, ಬಿತ್ತನೆ ಬೀಜ, ಪಂಪ್‌ಸೆಟ್ಟು, ಎಲ್ಲಾ ಗೋಡೆ ಮೇಲೆ. ಚಿಕ್ಕಂದಿನಲ್ಲಿ ಕೂಡಿಸಿ ಕೂಡಿಸಿ ಓದೋದನ್ನ ನಾನು ಕಲಿತದ್ದೇ ಆ ದಪ್ಪ ಅಕ್ಷರಗಳಿಂದ. ಆದರೆ ಅಲ್ಲಿ ಬಣ್ಣಕ್ಕಿಂತ ಮುಂಚೆ ಒಂದು ಮಾತುಕತೆ ನಡೆದಿರ್ತಿತ್ತು. ಪೇಂಟರ್ ಬಾಗಿಲಿಗೆ ಬಂದು, ‘ಯಜಮಾನ್ರ, ಗ್ವಾಡಿಗೆ ಬಣ್ಣ ಹಚ್ಚಿ ಕೊಡ್ತೀವಿ, ನಮ್ಮ ಕಂಪನಿ ಹೆಸರು ಬರೀಲೇನ್ರಿ?’ ಅಂತ ಕೇಳ್ತಿದ್ದ. ಹೂಂ ಅಂದರೆ ಬರೀತಿದ್ದ, ಒಲ್ಲೆ ಅಂದರೆ ಮುಂದಿನ ಮನೆ. ಬರೆದಾದ ಮೇಲೆ ಮೂಲೆಯಲ್ಲಿ ಸಣ್ಣಗೆ ತನ್ನ ಹೆಸರು, ಪಕ್ಕದಲ್ಲಿ ‘ಆರ್ಟ್ಸ್’ ಅಂತ. ಯಾರ ಗೋಡೆ, ಬರೆಸಿದವರು ಯಾರು, ಬರೆದವನು ಯಾರು, ಎಲ್ಲಾ ಹಗಲು ಬೆಳಕಿನಲ್ಲೇ.

ಕಲ್ಲಿನ ಮೇಲೆ ಬರೆಯೋದೂ ನಮ್ಮ ಸೀಮೆಗೆ ಹೊಸದಲ್ಲ. ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನ ಹೊಗಳಿ ಶಾಸನ ಬರೆಸಿದ. ಹೊಗಳೋದರಲ್ಲಿ ಕೈ ಹಿಡಿದಿಲ್ಲ. ಸಾಲದ್ದಕ್ಕೆ ತನ್ನನ್ನೂ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಇವತ್ತಿನ ಭಾಷೆಯಲ್ಲಿ ಪಕ್ಕಾ ಬ್ರ್ಯಾಂಡಿಂಗು. ಆದರೆ ಯಾರ ಗೋಡೆ ಮೇಲೆ? ತಾನೇ ಕಟ್ಟಿಸಿದ ಬಸದಿಯ ಗೋಡೆ ಮೇಲೆ. ಹೆಸರೂ ಹಾಕಿದ್ದಾನೆ. ಇಷ್ಟು ಶಿಸ್ತು 1400 ವರ್ಷದ ಹಿಂದೆ ಇತ್ತು.

ಈಗ ಅದೇ ಫುಟ್‌ಪಾತಿನ ಮೇಲೆ ಬುಟ್ಟಿ ಇಟ್ಟುಕೊಂಡು ಕಾಯಿಪಲ್ಲೆ ಮಾರೋ ಅವ್ವನನ್ನ ನೋಡಿ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿದೆ. ಸರ್ವೆ ಆಗಬೇಕು, ಹೆಸರು ನೋಂದಾಯಿಸಬೇಕು, ವ್ಯಾಪಾರದ ಪ್ರಮಾಣಪತ್ರ ಪಡೀಬೇಕು. ಎಬ್ಬಿಸೋದಾದರೆ 30 ದಿನದ ನೋಟಿಸು ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತೆ. ಲಾಠಿ ನೆಲಕ್ಕೆ ಬಡಿದರೆ ಅದೇ ನೋಟಿಸು ಅನ್ನೋದನ್ನ ನೀವೂ ನೋಡಿರ್ತೀರಿ. ಇಷ್ಟೆಲ್ಲ ಆದ ಮೇಲೂ ಆ ಅವ್ವ ಸಂಜೆಗೆ ಬುಟ್ಟಿ ಎತ್ತಿಕೊಂಡು ಹೋಗ್ತಾಳೆ. ಜಾಗ ಮತ್ತೆ ಊರಿಗೆ ಸಿಗುತ್ತೆ. ಬಣ್ಣ ಬಳಿಸಿದವರು ಅರ್ಜಿ ಹಾಕಲ್ಲ, ಶುಲ್ಕ ಕಟ್ಟಲ್ಲ, ಸಂಜೆ ಎದ್ದು ಹೋಗೋದೂ ಇಲ್ಲ. ಕ್ಲಾಸು ಬಾಗಿಲು ಹಾಕಿದ ಮೇಲೂ ನಂಬರು ನೆಲದ ಮೇಲೆ ಉಳಿಯುತ್ತೆ. ಹೊಟ್ಟೆಪಾಡಿಗೆ ಕೂತವರಿಗೆ ಕಾನೂನು, ಲಾಭಕ್ಕೆ ಬಳಿದವರಿಗೆ ಮಾಫಿ. ನನ್ನ ತಕರಾರು ಇದು.

ಅಳಿಸೋರು ಯಾರು? ಗೋಡೆಯಾದರೆ ಒಂದು ಕೈ ಸುಣ್ಣ ಹೊಡೆದರೆ ಮುಗೀತು. ನೆಲಕ್ಕೆ ಸುಣ್ಣ ಹೊಡೆಯೋಕಾಗಲ್ಲ. ತಂತಿ ಬ್ರಷ್ಷು, ಥಿನ್ನರು, ಬಿಸಿಲಲ್ಲಿ ಮಂಡಿಯೂರಿ ಉಜ್ಜೋ ಪೌರಕಾರ್ಮಿಕರು. ಅವರ ಕೂಲಿ, ಥಿನ್ನರಿನ ಬಿಲ್ಲು, ಎರಡೂ ನಾವು ಕಟ್ಟಿದ ತೆರಿಗೆಯಿಂದ. ಅಂದರೆ ಪುಕ್ಕಟೆ ಜಾಹೀರಾತು ಅನ್ನೋದೇ ಸುಳ್ಳು. ಖರ್ಚು ಇದ್ದೇ ಇದೆ, ಅದನ್ನ ಊರಿನ ಲೆಕ್ಕಕ್ಕೆ ಬರೆದಿದ್ದಾರೆ ಅಷ್ಟೇ. ಉಜ್ಜಿಸದೆ ಬಿಟ್ಟರೆ ಇನ್ನೂ ಕಷ್ಟ. ಒಬ್ಬರದು ಉಳೀತು ಅಂತ ಗೊತ್ತಾದರೆ ಮುಂದಿನ ವಾರ ಇನ್ನೊಬ್ಬರು ಅದರ ಪಕ್ಕ ಅಚ್ಚು ಇಡ್ತಾರೆ.

ಸುಮ್ಮನೆ ಗೊಣಗೋದು ಯಾಕೆ ಅಂತ ನೆಲದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಪರ್ಮಿಷನ್ ಯಾರ ಹತ್ತಿರ ತಗೊಂಡ್ರಿ ಅಂತ ಕೇಳಿದೆ.

‘ನೆಲಕ್ಕೆಂಥ ಪರ್ಮಿಷನ್ ಸರ? ಅದೇನ್ ಯಾರದರ ಐತೇನ್ರಿ?’

‘ಹಂಗಾದ್ರ ನಿಮ್ಮ ಕ್ಲಾಸಿನ ಮೆಟ್ಟಿಲ ಮ್ಯಾಲೆ ನಾನೂ ಏನರ ಬರೀಲೇನು?’

‘ಅದ್ಹೆಂಗ್ ಬರೀತೀರಿ ಸರ? ಅದು ನಮ್ಮ ಜಾಗಾ ಐತಿ.’

ಆಮೇಲೆ, ‘ನಮಗೇನ್ ಗೊತ್ತಿಲ್ರಿ, ಏಜೆನ್ಸಿಗೆ ಕೊಟ್ಟಿದ್ವಿ’ ಅಂದು ಫೋನಿಟ್ಟರು.

ಎರಡೂ ಉತ್ತರಕ್ಕೆ ಕಾನೂನಿನಲ್ಲಿ ಜವಾಬಿದೆ. ಮೊದಲನೇದು, ನೆಲ ಯಾರದು? ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ ಸಾರ್ವಜನಿಕ ಬೀದಿ, ಅದಕ್ಕೆ ಹಾಸಿದ ಕಲ್ಲು, ಎಲ್ಲಾ ಪುರಸಭೆಯ ಸ್ವತ್ತು. ಪುರಸಭೆ ಅಂದರೆ ನಾವೇ ವೋಟು ಹಾಕಿ ಕಳಿಸಿದವರು. ಎರಡನೇದು, ಬಳಿದದ್ದು ಏಜೆನ್ಸಿಯಾದರೆ ತಪ್ಪು ಯಾರದು? ಬೆಂಗಳೂರಿನಂಥ ನಗರಗಳಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳೋ ಕಡೆ ಜಾಹೀರಾತು ಬರೆದರೆ ಅಪರಾಧ. ತಾನೇ ಬರೆದರೂ ಅಷ್ಟೇ, ಇನ್ನೊಬ್ಬರ ಕೈಲಿ ಬರೆಸಿದರೂ ಅಷ್ಟೇ. ಆರು ತಿಂಗಳವರೆಗೆ ಜೈಲು, ಇಲ್ಲ 1000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

1981ರಲ್ಲಿ 1000 ರೂಪಾಯಿ ದೊಡ್ಡದೇ. ಇವತ್ತು ಅದು ಇಬ್ಬರ ವಾರಾಂತ್ಯದ ಊಟದ ಬಿಲ್ಲು. ಬೆಂಗಳೂರಿನ ಒಳ್ಳೆ ಜಾಗದ ಹೋರ್ಡಿಂಗಿಗೆ ತಿಂಗಳಿಗೆ ಲಕ್ಷಗಟ್ಟಲೆ ಕೊಡೋ ಕಂಪನಿ ಈ ದಂಡವನ್ನ ದಂಡ ಅಂತ ನೋಡಲ್ಲ, ಬಾಡಿಗೆ ಅಂತ ನೋಡುತ್ತೆ. ತಲೆ ಮೇಲಿನ ಜಾಹೀರಾತಿನ ವಿಷಯದಲ್ಲಿ ನಾವು ಒಮ್ಮೆ ಎಚ್ಚರಾಗಿದ್ದೆವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಗದರಿದ ಮೇಲೆ ಬಿಬಿಎಂಪಿಯವರು ರಾತ್ರೋರಾತ್ರಿ ಬೆಂಗಳೂರಿನ ಫ್ಲೆಕ್ಸುಗಳನ್ನ ಕಿತ್ತರು. ಕಾಲ ಕೆಳಗಿನ ಜಾಹೀರಾತಿಗೆ ಅಂಥ ಗದ್ದಲ ಇನ್ನೂ ಆಗಿಲ್ಲ.

ಬಣ್ಣ ಅಲ್ಲ, ಸೀಮೆಸುಣ್ಣ, ಮಳೆ ಬಂದರೆ ಹೋಗುತ್ತೆ ಅಂತ ಹೇಳೋರೂ ಇದ್ದಾರೆ. ಈ ಮಾತು ಹಳೇದು. 2001ರಲ್ಲಿ ಐಬಿಎಂ ಲಿನಕ್ಸ್ ಪ್ರಚಾರಕ್ಕೆ ಅಂತ ಸ್ಯಾನ್‌ಫ್ರಾನ್ಸಿಸ್ಕೋ ಮತ್ತು ಶಿಕಾಗೋದ ಫುಟ್‌ಪಾತುಗಳ ಮೇಲೆ ಶಾಂತಿಚಿಹ್ನೆ, ಹೃದಯ, ಪೆಂಗ್ವಿನ್ ಅಚ್ಚು ಹಾಕಿಸಿತು. ತಾನಾಗಿ ಅಳಿಸಿಹೋಗೋ ಸೀಮೆಸುಣ್ಣ ಅಂತ ನಂಬಿಕೊಂಡಿದ್ದರು. ಅದು ಹೋಗಲಿಲ್ಲ. ಶಿಕಾಗೋದಲ್ಲಿ ಮೊದಲು ಪೊಲೀಸರ ಕೈಗೆ ಸಿಕ್ಕಿದ್ದು ಅಚ್ಚು ಹಾಕುತ್ತಿದ್ದ ಹುಡುಗ. ಸ್ಯಾನ್‌ಫ್ರಾನ್ಸಿಸ್ಕೋ ಮಾತ್ರ ಕಂಪನಿಯ ಕೊರಳಪಟ್ಟಿಗೇ ಕೈ ಹಾಕಿತು. ಐಬಿಎಂ 1,00,000 ಡಾಲರ್ ತೆತ್ತು, ಸ್ವಚ್ಛ ಮಾಡಿದ ಖರ್ಚನ್ನೂ ಕೊಡಬೇಕಾಯ್ತು. ನಮಗೆ ಬೇಕಾದ ಪಾಠ ಆ ಎರಡು ಊರುಗಳ ನಡುವಿನ ವ್ಯತ್ಯಾಸದಲ್ಲೇ ಇದೆ. ರಾತ್ರಿ ಪಾಳಿಯ ಕೂಲಿಗೆ ಬಂದ ಹುಡುಗನನ್ನ ಹಿಡಿದು ಎರಡೇಟು ಹಾಕೋದು ಸುಲಭ. ಬರೆಸಿದವರನ್ನ ಹಿಡಿಯೋದು ಕಷ್ಟವೂ ಅಲ್ಲ, ಯಾಕಂದರೆ ಕಳ್ಳತನ ಮಾಡಿ ಅದೇ ಜಾಗದಲ್ಲಿ ಫೋನ್ ನಂಬರು ಬಿಟ್ಟು ಹೋಗೋ ಕಳ್ಳರು ಇವರೊಬ್ಬರೇ.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಬರುತ್ತೆ. ಹೊಸದಾಗಿ ಟೈಲರಿಂಗ್ ಕ್ಲಾಸು ತೆಗೆದ ಅಕ್ಕ, ಬೋರ್‌ವೆಲ್ ಮೋಟಾರು ರಿಪೇರಿ ಮಾಡೋ ಹುಡುಗ, ಇವರು ಪೇಪರಿಗೆ ಜಾಹೀರಾತು ಕೊಡೋಕಾಗುತ್ತಾ? ಆಗಲ್ಲ. ಅವರಿಗೆ ಜಾಗ ಬೇಕು. ಅದನ್ನ ಕೊಡಬೇಕಾದದ್ದು ಪುರಸಭೆ. ಬಸ್ ಸ್ಟ್ಯಾಂಡು, ಸಂತೆ, ಸರ್ಕಾರಿ ದವಾಖಾನೆ ಹತ್ತಿರ ಒಂದೊಂದು ಫಲಕ ನಿಲ್ಲಿಸಲಿ. ಊರಿನ ಸಣ್ಣ ವ್ಯಾಪಾರಿಗಳಿಗೆ ತಿಂಗಳಿಗೆ ಇಷ್ಟು ಅಂತ ಕಡಿಮೆ ಶುಲ್ಕ ಇಡಲಿ, ಅವಧಿ ಮುಗಿದ ಮೇಲೆ ತೆಗೆಸಲಿ. ಊರಲ್ಲಿ ಬರೆಯೋ ಪೇಂಟರುಗಳ ಹೊಟ್ಟೆ ಮೇಲೆ ಫ್ಲೆಕ್ಸು ಹೊಡೀತು, ಅವರಿಗೂ ಒಂದಿಷ್ಟು ಕೆಲಸ ಸಿಗಲಿ. ಅದಾದ ಮೇಲೂ ನೆಲಕ್ಕೆ ಬಳಿದರೆ ಅಳಿಸಿದ ಖರ್ಚಿನ ಬಿಲ್ಲು ಆ ನಂಬರಿನವರ ಮನೆಗೇ ಹೋಗಲಿ.

ಕೇಳಿಕೊಂಡು ಹೋದರೆ ಪ್ರಚಾರ ಆಗಲ್ಲ ಅನ್ನೋರು ಪಕ್ಕದ ಇಳಕಲ್ಲನ್ನ ನೋಡಬೇಕು. ಅಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, ನಿಮ್ಮ ಚಟಗಳನ್ನ ಇದರೊಳಗೆ ಹಾಕಿ ಅಂತ ಬೇಡಿದರು. ಯಾರ ನೆಲದ ಮೇಲೂ ಏನೂ ಬರೆಸಲಿಲ್ಲ. ಮಹಾಂತ ಜೋಳಿಗೆ ನಾಡಿಗೆಲ್ಲ ಗೊತ್ತಾಯ್ತು, ಅವರು ಹುಟ್ಟಿದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ ಆಯ್ತು.

ಕೊನೇ ಮಾತು ನಿಮಗೆ. ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರು ಮಾರ್ಕೆಟಿಂಗಿನಲ್ಲಿ ಇದ್ದೀರಿ, ಕೆಲವರು ಸ್ಟಾರ್ಟಪ್ ನಡೆಸ್ತೀರಿ. ಸ್ಪ್ರೇ ಡಬ್ಬಿ ನೀವು ಹಿಡಿಯಲ್ಲ, ಗೊತ್ತು. ಎಸಿ ರೂಮಿನಲ್ಲಿ ಒಂದು ಸ್ಲೈಡು ಬರುತ್ತೆ, ಅದರಲ್ಲಿ ‘ಗೆರಿಲ್ಲಾ ಮಾರ್ಕೆಟಿಂಗ್’ ಅಂತ ಒಂದು ಸಾಲು, ಪಕ್ಕದಲ್ಲಿ ಬೇರೆಲ್ಲದಕ್ಕಿಂತ ಕಡಿಮೆ ಮೊತ್ತ. ಎಲ್ಲರೂ ತಲೆ ಆಡಿಸ್ತಾರೆ. ಆ ಮೊತ್ತ ಯಾಕೆ ಅಷ್ಟು ಕಡಿಮೆ ಅಂತ ಈಗ ನಿಮಗೆ ಗೊತ್ತಾಯ್ತು. ಉಳಿದದ್ದನ್ನ ಹುನಗುಂದದ ಪೌರಕಾರ್ಮಿಕರು ಮಂಡಿಯೂರಿ ತುಂಬಿಕೊಡ್ತಾರೆ. ಮುಂದಿನ ಸಲ ಆ ಸಾಲು ಬಂದಾಗ ಯಾರನ್ನ ಕೇಳಿದ್ದೀರಿ ಅಂತ ಒಂದೇ ಪ್ರಶ್ನೆ ಹಾಕಿ. ಲಿಖಿತ ಒಪ್ಪಿಗೆ ಇದ್ದರೆ ತೋರಿಸಲಿ. ಇಲ್ಲದಿದ್ದರೆ ಅಲ್ಲೇ ಅಳಿಸಿ. ನೆಲದ ಮೇಲಿಂದ ಅಳಿಸೋದಕ್ಕಿಂತ ಸ್ಲೈಡಿನಿಂದ ಅಳಿಸೋದು ಬಹಳ ಸುಲಭ.